ತಲೆ ಎಣಿಕೆಯ ಬೆಳವಣಿಗೆ

2019ರ ಜುಲೈ 4ರಂದು ಸಂಸತ್ತಿನಲ್ಲಿ ಮಂಡನೆಯಾದ ಆರ್ಥಿಕ ಸಮೀಕ್ಷೆಯಲ್ಲಿ ಸಣ್ಣ ಕೈಗಾರಿಕೆಗಳ ಬಗ್ಗೆ ಒಂದು ಇಡೀ ಅಧ್ಯಾಯವಿದೆ. ಹತ್ತು ವರ್ಷ ದಾಟಿಯೂ ನೂರಕ್ಕಿಂತ ಕಡಿಮೆ ಕೆಲಸಗಾರರಲ್ಲೇ ನಿಂತ ಘಟಕಗಳನ್ನು ಅದು ಕುಬ್ಜಗಳೆಂದು ಕರೆಯುತ್ತದೆ. ಸಂಘಟಿತ ತಯಾರಿಕಾ ಘಟಕಗಳಲ್ಲಿ ಅರ್ಧದಷ್ಟು ಇಂಥವೇ. ಆದರೆ ಉದ್ಯೋಗದಲ್ಲಿ ಅವುಗಳ ಪಾಲು ಶೇ. 14.1, ನಿವ್ವಳ ಮೌಲ್ಯವರ್ಧನೆಯಲ್ಲಿ ಬರೀ ಶೇ. 7.6. ಹತ್ತು ವರ್ಷದೊಳಗಿನ ದೊಡ್ಡ ಘಟಕಗಳ ಪಾಲು ಉದ್ಯೋಗದಲ್ಲಿ ಶೇ. 21.2, ಮೌಲ್ಯದಲ್ಲಿ ಶೇ. 37.2. ಭಾಗಿಸಿ ನೋಡಿದರೆ ಅಲ್ಲಿನ ಕೆಲಸಗಾರ ಇಲ್ಲಿಯವನಿಗಿಂತ ಮೂರು ಪಟ್ಟು ಮೀರಿ ಮೌಲ್ಯ ಸೇರಿಸುತ್ತಾನೆ. ಹಾಗಾಗಿ ಗಾತ್ರ ನೋಡಿ ಕೊಡುವ ರಿಯಾಯಿತಿಗಳಿಗೆ ಹತ್ತು ವರ್ಷದೊಳಗೆ ಕೊನೆ ಹಾಡಬೇಕು ಎನ್ನುವುದು ಅಧ್ಯಾಯದ ಸಲಹೆ.

ಬೆಂಗಳೂರಿನ ಅಮೃತಹಳ್ಳಿಯಿಂದ ನೋಡಿದರೆ ಈ ಲೆಕ್ಕದ ಮೊದಲ ಕೊರತೆ ತಟ್ಟನೆ ಕಾಣುತ್ತದೆ. ಸಮೀಕ್ಷೆ ನೆಚ್ಚಿಕೊಂಡದ್ದು ನೋಂದಾಯಿತ ಕಾರ್ಖಾನೆಗಳ ವಾರ್ಷಿಕ ಅಂಕಿಅಂಶವನ್ನು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ, ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಜನರಿದ್ದರೆ ಮಾತ್ರ ಅದು ಕಾರ್ಖಾನೆಯಾಗಿತ್ತು. ಒಳರಸ್ತೆಯ ಮೂವತ್ತು–ನಲವತ್ತರ ಸೈಟಿನಲ್ಲಿ ನಾಲ್ಕೈದು ಜನ ದುಡಿಯುವ ಶೆಡ್ಡು ಆ ಪಟ್ಟಿಗೆ ಬರುವುದೇ ಇಲ್ಲ. ಅತಿ ಸಣ್ಣದ್ದನ್ನು ಬಿಟ್ಟು ಸಣ್ಣದ್ದರ ಬಗ್ಗೆ ತೀರ್ಪು ಕೊಟ್ಟಂತಾಗಿದೆ.

ಹಾಗೆಂದು ಗಾತ್ರಕ್ಕೂ ಉತ್ಪಾದಕತೆಗೂ ನಂಟಿಲ್ಲ ಎನ್ನಲಾಗದು. ಸಿಎನ್‌ಸಿ ಲೇತ್ ಮುಂದೆ ನಿಂತರೆ ಅದು ಕಣ್ಣಿಗೇ ಕಾಣುತ್ತದೆ. ನಲವತ್ತು ಬುಷ್‌ಗಳ ಆರ್ಡರ್ ಬಂದಿದೆ ಎನ್ನಿ. ಆಪರೇಟರ್ ಹಳೆಯ ಜಾಬಿನ ಜಾ ಬಿಚ್ಚಿ ಸಾಫ್ಟ್ ಜಾ ಹಾಕಬೇಕು, ಅದನ್ನು ಅಳತೆಗೆ ಬೋರ್ ಮಾಡಬೇಕು, ಇನ್ಸರ್ಟ್ ಬದಲಿಸಿ ಆಫ್‌ಸೆಟ್ ಕೊಡಬೇಕು. ಮೊದಲ ಪೀಸನ್ನು ಮೈಕ್ರೋಮೀಟರಿಗೆ ಹಿಡಿದು, ತಿದ್ದಿ, ಓಕೆ ಆದ ಮೇಲೆ ಉಳಿದವು. ಈ ಸೆಟ್ಟಿಂಗಿಗೆ ಒಂದು ಗಂಟೆ, ಪೀಸಿಗೆ ಮೂರು ನಿಮಿಷ ಎಂದಿಟ್ಟುಕೊಂಡರೆ ಮೂರು ಗಂಟೆಯಲ್ಲಿ ಒಂದು ಗಂಟೆ ಮಷಿನ್ ಸುಮ್ಮನೆ ನಿಂತಿರುತ್ತದೆ. ನಾನೂರು ಬುಷ್‌ಗಳ ಆರ್ಡರ್ ಆದರೆ ಇಪ್ಪತ್ತೊಂದು ಗಂಟೆಯಲ್ಲಿ ಒಂದೇ ಗಂಟೆ ಹೋಗುತ್ತದೆ. ಇಲ್ಲಿ ಬೆಳೆದದ್ದು ಆರ್ಡರು, ಆಳುಗಳಲ್ಲ. ಇದಕ್ಕೊಂದು ಬಾರ್ ಫೀಡರ್ ಸೇರಿಸಿದರೆ ಆಳು ಇನ್ನೂ ಕಡಿಮೆಯೇ ಸಾಕು. ಗಾತ್ರವನ್ನು ತಲೆ ಎಣಿಸಿ ಅಳೆಯುವ ಅಧ್ಯಾಯಕ್ಕೆ ಈ ಬಗೆಯ ಬೆಳವಣಿಗೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ರೂಪಾಯಿಯ ಲೆಕ್ಕದಲ್ಲಿದೆ. ಹೆಬ್ಬಾಳ, ಕುವೆಂಪು ಸರ್ಕಲ್, ಬಿಇಎಲ್ ಸರ್ಕಲ್ ದಾಟಿ ಗೊರಗುಂಟೆಪಾಳ್ಯದ ಆಚೆ ಪೀಣ್ಯಕ್ಕೆ ಹೋದರೆ ಒಂದೇ ಬಿಡಿಭಾಗ ನಾಲ್ಕು ಶೆಡ್ಡು ಸುತ್ತುವುದನ್ನು ಕಾಣಬಹುದು: ಒಂದು ಕಡೆ ಟರ್ನಿಂಗ್, ಮತ್ತೊಂದರಲ್ಲಿ ಮಿಲ್ಲಿಂಗ್, ಆಮೇಲೆ ಹೀಟ್ ಟ್ರೀಟ್‌ಮೆಂಟ್, ಕೊನೆಗೆ ಪ್ಲೇಟಿಂಗ್. ಡೆಲಿವರಿ ಚಲನ್ ಹಿಡಿದ ಆಟೋಗಳೇ ಅಲ್ಲಿ ಅಸೆಂಬ್ಲಿ ಲೈನ್. ಜಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದ ಮೇಲೆ ಇಲ್ಲಿ ಬೇರೂರಿದ ಕೈಗಸುಬು ಇದರ ಹಿಂದಿದೆ. ಜಾಬ್ ವರ್ಕ್ ಮಾಡುವವನಿಗೆ ಸಿಗುವುದು ಲೇಬರ್ ಚಾರ್ಜ್ ಮಾತ್ರ, ಅದರ ದರ ಬಹುಮಟ್ಟಿಗೆ ಕೆಲಸ ಕೊಡುವ ಕಂಪನಿಯ ಕೈಯಲ್ಲಿರುತ್ತದೆ. ಅದೇ ಆಪರೇಟರ್ ಅದೇ ಪೀಸನ್ನು ಆ ಕಂಪನಿಯೊಳಗೇ ನಿಂತು ತೆಗೆದರೆ ಅವನ ಮೌಲ್ಯವರ್ಧನೆ ಏರಿಬಿಡುತ್ತದೆ. ಚೌಕಾಸಿಯ ಬಲವನ್ನು ದುಡಿಮೆಯ ದಕ್ಷತೆ ಎಂದು ಎಣಿಸಿದ್ದು ಈ ಅಧ್ಯಾಯದ ಅತ್ಯಂತ ದುರ್ಬಲ ಭಾಗ ಎಂದೇ ನನ್ನ ತೀರ್ಮಾನ.

ಬೆಳವಣಿಗೆ ಯಾಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಅಧ್ಯಾಯದ ಉತ್ತರ ಕಾರ್ಮಿಕ ಕಾನೂನು ಮತ್ತು ರಿಯಾಯಿತಿಗಳು. ಅರ್ಧ ಸತ್ಯ. ಮಿತಿ ದಾಟಬಾರದೆಂದು ಒಂದೇ ಉದ್ಯಮವನ್ನು ಹೆಂಡತಿ, ತಮ್ಮಂದಿರ ಹೆಸರಲ್ಲಿ ಒಡೆಯುವುದುಂಟು. ಆಗ ಎರಡು ಕಂಪ್ರೆಸರ್, ಎರಡು ಲೆಕ್ಕದ ಪುಸ್ತಕ, ಅರ್ಧ ದಿನ ಖಾಲಿ ನಿಲ್ಲುವ ಎರಡು ಮಷಿನ್. ಇದು ನಿಜವಾದ ನಷ್ಟ. ಆದರೆ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಸುತ್ತಲಿನ ಜವಳಿ ಗಿರಣಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಕಾರಣ ತೋರಿಸುತ್ತದೆ. ಗಿರಣಿ ಎಷ್ಟು ದೊಡ್ಡದಾಗಬಲ್ಲದು ಎಂಬುದು ಮಾಲೀಕನ ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಎಂಬುದಕ್ಕೆ ಗಂಟುಬಿದ್ದಿತ್ತು, ಹೊರಗಿನ ಮ್ಯಾನೇಜರನ್ನು ನಂಬಿ ಬಿಡಲು ಮಾಲೀಕರಿಗೆ ಧೈರ್ಯವಿರಲಿಲ್ಲ. ದೋಷಗಳ ದಾಖಲೆ, ಸ್ಟಾಕ್ ಲೆಕ್ಕ, ಮಷಿನ್ ಆರೈಕೆಯಂಥ ಪದ್ಧತಿಗಳನ್ನು ತಂದಾಗ ಮೊದಲ ವರ್ಷವೇ ಉತ್ಪಾದಕತೆ ಶೇ. 17ರಷ್ಟು ಏರಿತು. ಹೊಸ ಘಟಕ ತೆರೆಯುವ ಮನಸ್ಸು ಬಂದದ್ದು ಆಮೇಲೆ. ದಕ್ಷತೆ ಮೊದಲು, ಗಾತ್ರ ನಂತರ. ಸಮೀಕ್ಷೆಯ ವಾದ ಈ ಕ್ರಮವನ್ನೇ ತಲೆಕೆಳಗು ಮಾಡುತ್ತದೆ.

ನೀತಿ ಕೂಡ ಸಮೀಕ್ಷೆಯ ಸಲಹೆಯ ದಾರಿ ಹಿಡಿಯಲಿಲ್ಲ. ವಯಸ್ಸಿನ ಗಡುವು ಹಾಕುವ ಬದಲು ಗಾತ್ರದ ಮಿತಿಯನ್ನೇ ಎತ್ತರಿಸಲಾಯಿತು. 2025ರ ಏಪ್ರಿಲ್ 1ರಿಂದ ಎರಡೂವರೆ ಕೋಟಿ ಹೂಡಿಕೆ ಮತ್ತು ಹತ್ತು ಕೋಟಿ ವಹಿವಾಟಿನವರೆಗೂ ಅತಿಸಣ್ಣ ಉದ್ಯಮವೇ. ಇದು ಸ್ವಾಗತಾರ್ಹ, ಎರಡನೇ ಮಷಿನ್ ಕೊಂಡವನು ಸವಲತ್ತು ಕಳೆದುಕೊಳ್ಳಬೇಕಿಲ್ಲ. ಹಣ ಪಾವತಿಯ ಬಗ್ಗೆ 2006ರ ಕಾಯ್ದೆ ಹೇಳುವ 45 ದಿನದ ಗಡುವು ನಿಜಕ್ಕೂ ಪಾಲನೆಯಾದರೆ ಇನ್ನೂ ಹೆಚ್ಚಿನ ಉಪಕಾರವಾದೀತು. ಬಿಲ್ಲಿನ ಹಣ ಮೂರು ತಿಂಗಳು ಕೆಲಸ ಕೊಟ್ಟ ಕಂಪನಿಯಲ್ಲೇ ಕೂತರೆ ಆ ಮೂರು ತಿಂಗಳ ಸಂಬಳ, ಶೆಡ್ಡಿನ ಬಾಡಿಗೆ, ಬೆಸ್ಕಾಂ ಬಿಲ್ಲು ಎಲ್ಲವನ್ನೂ ಓವರ್‌ಡ್ರಾಫ್ಟಿನಿಂದಲೇ ತುಂಬಬೇಕು. ಹತ್ತನೇ ವರ್ಷಕ್ಕೆ ರಿಯಾಯಿತಿ ದರದ ಸಾಲವೂ ನಿಂತರೆ ಕೈಬಿಟ್ಟುಹೋಗುವುದು ಆ ಎರಡನೇ ಮಷಿನ್ನೇ.