ಕೆಂಪು ಚೌಕಟ್ಟು ಯಾರಿಗಾಗಿ?

ಔಷಧ ನಿಯಂತ್ರಣದ ಮಾತು ಬಂದಾಗಲೆಲ್ಲ ಶೆಡ್ಯೂಲ್ ಎಚ್‌1ಗೆ ಸಲ್ಲುವ ಹೊಗಳಿಕೆ ಅದರ ಯೋಗ್ಯತೆಯನ್ನು ಮೀರಿದ್ದು. ಡಾಕ್ಟರ ಚೀಟಿಯಿಲ್ಲದೆ ಮಾರಕೂಡದ ಕೆಲವು ಔಷಧಗಳ, 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ಪಟ್ಟಿ ಮಾರಾಟದ ಲೆಕ್ಕವನ್ನು ಬಿಗಿಮಾಡಿತು, ನಿಜ. ಆದರೆ ಅದರಲ್ಲಿರುವ ಆಲ್ಪ್ರಜೋಲಮ್, ಜೋಲ್ಪಿಡೆಮ್, ಟ್ರಮಡಾಲ್‌ನಂಥ ಆತಂಕ, ನಿದ್ರೆ, ನೋವಿನ ಮಾತ್ರೆ ಕೊಂಡವರಿಗೆ ಅದರಿಂದ ತಿಳಿದದ್ದೇನು?

ಮಾತ್ರೆಪಟ್ಟಿಯ ಕೆಂಪು ಚೌಕಟ್ಟಿನಲ್ಲಿ ಇಂಗ್ಲಿಷಿನ ಎರಡು ವಾಕ್ಯಗಳಿವೆ. ವೈದ್ಯರ ಸಲಹೆ ಮೀರಿ ಸೇವಿಸುವುದು ಅಪಾಯ ಎಂಬುದೊಂದು. ಡಾಕ್ಟರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರಕೂಡದು ಎಂಬುದು ಇನ್ನೊಂದು. ಎರಡನೆಯದು ಅಂಗಡಿಯವರಿಗೆ ಹೇಳಿದ್ದು. ಮೊದಲನೆಯದು ಅಪಾಯವೆನ್ನುತ್ತದೆ, ಎಂಥದೆಂದು ಹೇಳುವುದಿಲ್ಲ. ಆಲ್ಪ್ರಜೋಲಮ್ ಜೊತೆ ಮದ್ಯ ಸೇರಿದರೆ ಉಸಿರಾಟ ಕುಗ್ಗಬಹುದು, ಮಂಪರಿನಲ್ಲಿ ಗಾಡಿ ಓಡಿಸಬಾರದು, ವಾರಗಟ್ಟಲೆ ನುಂಗಿದವರು ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು: ಒಂದೂ ಅಲ್ಲಿಲ್ಲ. ಕ್ಷಯದ ಔಷಧಿಗೂ ನಿದ್ರೆಯ ಮಾತ್ರೆಗೂ ಅದೇ ಒಕ್ಕಣೆ. ಚೀಟಿಯಿದ್ದರೆ ಅಪಾಯವಿಲ್ಲ ಎಂಬ ಭಾವನೆಯನ್ನೂ ಅದು ಬಿತ್ತುತ್ತದೆ. ಚೀಟಿ ಹಿಡಿದು ಕೊಂಡವರೂ ಈ ಮಾತ್ರೆಗಳಿಗೆ ಅಂಟಿಕೊಳ್ಳುತ್ತಾರೆ. ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಆಲ್ಪ್ರಜೋಲಮ್ ಬಗೆಯ ಮಾತ್ರೆಗಳ ಎಚ್ಚರಿಕೆಗೆ ಅವಲಂಬನೆ ಮತ್ತು ನಿಲ್ಲಿಸಿದಾಗಿನ ತೊಂದರೆಗಳನ್ನು ಸೇರಿಸಿದ್ದು ಇದಕ್ಕಾಗಿಯೇ.

ಇನ್ನು ಕತ್ತರಿಯ ಪ್ರಶ್ನೆ. ನಾಲ್ಕು ಮಾತ್ರೆ ಸಾಕೆಂದವರಿಗೆ ಪಟ್ಟಿಯನ್ನು ಕತ್ತರಿಸಿ ಕೊಟ್ಟಾಗ ಎಚ್ಚರಿಕೆ ಅಂಗಡಿಯಲ್ಲೇ ಉಳಿಯಬಹುದು. ರೋಗಿಯ ಹೆಸರು ಮಾತ್ರ ಮೂರು ವರ್ಷ ದಾಖಲೆ ಪುಸ್ತಕದಲ್ಲಿರಬೇಕು. ಇನ್‌ಸ್ಪೆಕ್ಟರರಿಗೆ ಸಿಗುವ ಮಾಹಿತಿಯಷ್ಟೂ ನುಂಗುವವರಿಗೆ ಸಿಗದ ವ್ಯವಸ್ಥೆಯಿದು.

ತಂಬಾಕಿನ ಪೊಟ್ಟಣದ ಹಾಗೆ ಇಲ್ಲೂ ಭೀಕರ ಚಿತ್ರ ಹಾಕಿ ಎನ್ನುವವರೊಂದಿಗೆ ನನ್ನ ಜಗಳ ದೊಡ್ಡದು. ಪೊಟ್ಟಣದ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮವನ್ನು 2017ರಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಮಾಡಿದಾಗ, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿದ್ದು ಸರಿಯೆಂದೇ ನಂಬಿದವನು ನಾನು. ಆದರೆ ಸಿಗರೇಟಿನ ಚಿತ್ರ ಹೇಳುವುದು ‘ಈಗಲೇ ಬಿಡು’ ಎಂದು. ಈ ಮಾತ್ರೆಗೆ ಬೇಕಿರುವುದು ‘ನೀವಾಗಿಯೇ ಬಿಡಬೇಡಿ, ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಿ’ ಎಂಬ ಮಾತು. ಹೆದರಿಸಿದರೆ ತಟ್ಟನೆ ಬಿಡುತ್ತಾರೆ, ಅದೇ ಅಪಾಯ. ವಿವರ ಬರೆದರೆ ರೋಗಿಗಳು ಹೆದರುತ್ತಾರೆ, ಬರೆಯದಿರುವುದೇ ಮೇಲು ಎಂಬ ಮತ್ತೊಂದು ಗುಂಪಿನ ವಾದವೂ ಇಲ್ಲಿಯೇ ಸೋಲುತ್ತದೆ. ಏನೂ ತಿಳಿಯದವರೇ ಮಾತ್ರೆ ಮುಗಿದ ದಿನ ಹಾಗೇ ನಿಲ್ಲಿಸಿಬಿಡುವುದು.

ತಿಳಿಹೇಳುವುದು ಫಾರ್ಮಸಿಸ್ಟರ ಹೊಣೆಯೆಂದು ಅವರ ವೃತ್ತಿಗೆ ಸಂಬಂಧಿಸಿದ 2015ರ ನಿಯಮಾವಳಿ ಒಪ್ಪಿದೆ. ಮಾತ್ರೆ ಹಾಕಿಕೊಡುವ ಕಾಗದದ ಕವರಿನ ಮೇಲೆ ಬೆಳಿಗ್ಗೆ, ರಾತ್ರಿ ಎಂದು ಗುರುತು ಹಾಕುವ ಜಾಗದ ಕೆಳಗೆ ಮದ್ಯ, ವಾಹನ, ನಿಲ್ಲಿಸುವ ಕ್ರಮ ಕುರಿತು ಕನ್ನಡದ ಮೂರು ಸಾಲು ಅಚ್ಚುಹಾಕಿಸಲು ದೆಹಲಿಯ ಅಧಿಸೂಚನೆಗೆ ಕಾಯಬೇಕಿಲ್ಲ.