ಸೆರೆಮನೆಗೆ ಬರೆದ ಓಲೆ

ರ್ಯಾಪ್ ಎಂಬ ಹೆಸರು ಕೇಳಿದೊಡನೆ ಕಿವಿ ಮುಚ್ಚಿಕೊಳ್ಳುವವರ ಪೈಕಿ ನಾನೂ ಒಬ್ಬನಾಗಿದ್ದೆ. ಹಾಡಲು ಬಾರದವರು ಗದ್ದಲದ ನಡುವೆ ಮಾತು ಹೊಸೆಯುತ್ತಾರೆ. ಅದಕ್ಕೆ ಹಾಡೆಂಬ ಗೌರವವೇಕೆ ಎಂಬುದು ನನ್ನ ವಾದ. ಆ ವಾದವನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳಲು ಈಗಲೂ ನಾನು ಸಿದ್ಧನಿಲ್ಲ. ಆದರೆ ಅದರ ಅರ್ಧವನ್ನಾದರೂ ನನ್ನಿಂದ ಕಸಿದುಕೊಂಡ ಧ್ವನಿಮುದ್ರಿಕೆಯೊಂದುಂಟು. 1994ರ ಏಪ್ರಿಲ್ 19ರಂದು ಕೊಲಂಬಿಯಾ ಸಂಸ್ಥೆ ನ್ಯೂಯಾರ್ಕಿನಿಂದ ಹೊರತಂದ 'ಇಲ್‌ಮ್ಯಾಟಿಕ್' ಅದು. ಕರ್ತೃ ನಾಸಿರ್ ಜೋನ್ಸ್. ಲೋಕ ಅವನನ್ನು ಬಲ್ಲುದು ನಾಸ್ ಎಂದು. ಆಗ ಅವನಿಗೆ ಇಪ್ಪತ್ತು ವರ್ಷ. ಹತ್ತೇ ಭಾಗಗಳು, ಹೆಚ್ಚೆಂದರೆ 40 ನಿಮಿಷ.

ಕೃತಿಯನ್ನು ತಿಳಿಯಲು ಅದು ಹುಟ್ಟಿದ ಕೇರಿಯನ್ನು ತಿಳಿಯಬೇಕು. ಕ್ವೀನ್ಸ್‌ಬ್ರಿಜ್ ಎಂಬುದು 1939ರಲ್ಲಿ ಬಾಗಿಲು ತೆರೆದ ಸರ್ಕಾರಿ ವಸತಿ ಸಮುಚ್ಚಯ. 96 ಕಟ್ಟಡಗಳು, ಸಾವಿರಾರು ಸಂಸಾರಗಳು. ಎಂಬತ್ತರ ದಶಕದಲ್ಲಿ ಮಾದಕದ್ರವ್ಯದ ವ್ಯಾಪಾರ ಅಲ್ಲಿಗೆ ನುಗ್ಗಿತು. ಅದರ ಹಿಂದೆಯೇ ಬಂದೂಕೂ ಬಂತು. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಈ ಹುಡುಗನಿಗೆ ಮನೆಯಲ್ಲಿ ಒಂದು ಭಾಗ್ಯವಿತ್ತು. ತಂದೆ ಓಲು ದಾರಾ ಜಾಝ್ ಸಂಗೀತಗಾರ. ಹೊರಗೆ ಆ ಭಾಗ್ಯವಿರಲಿಲ್ಲ. 1992ರಲ್ಲಿ ಅವನ ನೆರೆಮನೆಯ ಬಾಲ್ಯಸ್ನೇಹಿತ ಗುಂಡಿಗೆ ಬಲಿಯಾದ. ಅದೇ ರಾತ್ರಿ ತಮ್ಮನಿಗೂ ಗುಂಡು ತಗುಲಿತು, ಆತ ಬದುಕಿಕೊಂಡ. ಮುದ್ರಿಕೆಯ ಕೆಲಸ ನಡೆದದ್ದು ಆ ಸಾವಿನ ನೆರಳಿನಲ್ಲಿ.

ಕೆಲಸ ನಡೆದ ರೀತಿಯೂ ಹೊಸದು. ಒಂದು ಮುದ್ರಿಕೆಗೆ ಒಬ್ಬನೇ ಅಥವಾ ಒಂದೇ ತಂಡದ ಸಂಗೀತ ನಿರ್ಮಾಪಕ ಎಂಬುದು ಆಗಿನ ವಾಡಿಕೆ. ಇಲ್ಲಿ ಡಿಜೆ ಪ್ರೀಮಿಯರ್, ಲಾರ್ಜ್ ಪ್ರೊಫೆಸರ್, ಪೀಟ್ ರಾಕ್, ಕ್ಯೂ-ಟಿಪ್ ಮೊದಲಾದವರು ಹಾಡುಗಳನ್ನು ಹಂಚಿಕೊಂಡರು. ಇವರ ವಾದ್ಯವೆಂದರೆ ಹಳೆಯ ತಟ್ಟೆಗಳು. ಹಳೆಯ ಹಾಡಿನಿಂದ ಕೆಲವು ಕ್ಷಣಗಳ ತುಣುಕನ್ನು ಯಂತ್ರದಲ್ಲಿ ಹಿಡಿದು, ಅದನ್ನೇ ಮತ್ತೆ ಮತ್ತೆ ತಿರುಗಿಸಿ, ಕೆಳಗೆ ಹೊಸ ತಾಳ ಹಾಕುವುದು. ಅಹ್ಮದ್ ಜಮಾಲರ ಪಿಯಾನೋದ ನಾಲ್ಕು ಸ್ವರಗಳನ್ನು ಪೀಟ್ ರಾಕ್ ಹೀಗೆ ಎತ್ತಿಕೊಂಡು ಕೂರಿಸಿದ್ದನ್ನು ಕೇಳಿದ ಮೇಲೆ, ಇದನ್ನು ಕಳವೆನ್ನಲು ನನಗೆ ಬಾಯಿ ಬರಲಿಲ್ಲ. ಮೂರನೆಯ ಹಾಡಿನ ಕೊನೆಯಲ್ಲಿ ಮಾತ್ರ ಜೀವಂತ ಕಾರ್ನೆಟ್ ಕೇಳುತ್ತದೆ. ಊದಿದವರು ತಂದೆ ಓಲು ದಾರಾ. ಮಗ ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ಬೆಳಗನ್ನು ಹೇಳಿ ಸುಮ್ಮನಾದ ಮೇಲೆ ಅಪ್ಪನ ಉಸಿರು ಮೆಲ್ಲಗೆ ಮುಂದುವರಿಯುತ್ತದೆ. ಮುದ್ರಿಕೆಯಲ್ಲಿ ಇದಕ್ಕಿಂತ ಕೋಮಲವಾದ ಗಳಿಗೆ ಇನ್ನೊಂದಿಲ್ಲ.

ಇನ್ನು ಛಂದಸ್ಸಿನ ಮಾತು. ರ್ಯಾಪ್ ಎಂದರೆ ಸಾಲಿನ ಕೊನೆಗೊಂದು ಪ್ರಾಸ, ಅಷ್ಟೆ ಎಂದು ನಾನು ಭಾವಿಸಿದ್ದೆ. ನಾಸ್‌ನಲ್ಲಿ ಪ್ರಾಸ ಸಾಲಿನ ನಡುವೆಯೂ ಬರುತ್ತದೆ. ಒಂದಕ್ಷರವಲ್ಲ, ಮೂರು ನಾಲ್ಕು ಅಕ್ಷರಗಳು ಒಟ್ಟಿಗೆ ಹೊಂದುತ್ತವೆ. ಅದಕ್ಕಿಂತ ಮುಖ್ಯವಾಗಿ, ತಾಳದ ಆವರ್ತ ಮುಗಿದರೂ ಅವನ ವಾಕ್ಯ ಮುಗಿಯುವುದಿಲ್ಲ. ಪಾದದಿಂದ ಪಾದಕ್ಕೆ ಧುಮುಕಿ ಹರಿಯುವ ಕುಮಾರವ್ಯಾಸನ ಷಟ್ಪದಿಯನ್ನು ಬಲ್ಲ ಕಿವಿಗೆ ಈ ಸುಖ ಅಪರಿಚಿತವೇನಲ್ಲ. ಎರಡನೆಯ ಹಾಡಿನಲ್ಲಿ, ಹೇಗೆ ಪ್ರಾರಂಭಿಸಲೋ ತಿಳಿಯದು ಎಂಬ ಅವನ ಗೊಣಗಾಟವೂ ಅಳಿಸದೆ ಉಳಿದಿದೆ. ಮರುಕ್ಷಣವೇ ಮಾತು ಕಟ್ಟೆಯೊಡೆದು ಬರುತ್ತದೆ.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಏಳನೆಯದು, 'ಒನ್ ಲವ್'. ಅದು ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಕಾಗದ. ಹೊರಗಿನ ಸುದ್ದಿಯೆಲ್ಲ ಅದರಲ್ಲಿದೆ: ಮಗು ಹುಟ್ಟಿದೆ, ನಿನ್ನ ಹಾಗೆಯೇ ಇದೆ; ಇಂಥವನು ಹೀಗಾದ, ಅಂಥವನು ಹಾಗಾದ. ಕಡೆಯ ಚರಣದಲ್ಲಿ ಬರೆಯುವವನು ಬೀದಿಯ ಹನ್ನೆರಡು ವರ್ಷದ ಹುಡುಗನೊಬ್ಬನ ಜೊತೆ ಬೆಂಚಿನ ಮೇಲೆ ಕೂರುತ್ತಾನೆ. ಹುಡುಗ ಆಗಲೇ ಗುಂಡು ತಡೆಯುವ ಅಂಗಿ ತೊಟ್ಟಿದ್ದಾನೆ. ಹಿರಿಯನು ಬುದ್ಧಿ ಹೇಳುತ್ತಾನೆ. ಬಂದೂಕು ಬಿಸುಡು ಎನ್ನುತ್ತಾನೆಂದು ನಾನು ಕಾದೆ. ಅವನು ಹಾಗೆನ್ನುವುದಿಲ್ಲ. ಗುಂಪಿನೊಳಕ್ಕೆ ಗುಂಡು ಹಾರಿಸಬೇಡ, ಶತ್ರುವನ್ನು ಒಂಟಿಯಾಗಿ ಹಿಡಿ ಎಂಬರ್ಥದ ಮಾತನ್ನೇ ಆಡುತ್ತಾನೆ. ಇದರಿಂದ ಮೇಲೇಳಲು ನೋಡು ಎಂಬ ಮಾತೂ, ಪೊಲೀಸರ ಮೇಲೆ ಕಣ್ಣಿಡು ಎಂಬ ಮಾತೂ ಒಂದೇ ಉಸಿರಿನಲ್ಲಿ ಬರುತ್ತವೆ.

ಇದನ್ನು ಹೇಗೆ ಒಪ್ಪುವುದು? ಮಗುವಿಗೆ ಕೊಲೆಯ ಯುಕ್ತಿ ಕಲಿಸುವ ಪದ್ಯವನ್ನು ಮೆಚ್ಚಬಹುದೆ? ನಾನು ಬಹಳ ಯೋಚಿಸಿದೆ. ಆ ಕೇರಿಯಲ್ಲಿ ಕರುಣೆಗೆ ಉಳಿದಿದ್ದ ಜಾಗ ಅಷ್ಟೇ ಎಂದು ಕವಿ ಕಂಡಿದ್ದಾನೆ. ಕಂಡದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚು ಹೇಳಲು ಒಪ್ಪಲಿಲ್ಲ. ನೀತಿಬೋಧೆಯ ಸಾಲೊಂದನ್ನು ಅಂಟಿಸಿದ್ದರೆ ನಮಗೆ ಸಮಾಧಾನವಾಗುತ್ತಿತ್ತು, ಪದ್ಯ ಸುಳ್ಳಾಗುತ್ತಿತ್ತು. ನಮ್ಮ ಸಮಾಧಾನವನ್ನು ಅವನು ಬಲಿಕೊಟ್ಟದ್ದೇ ಸರಿಯೆಂದು ನನಗೆ ತೋರುತ್ತದೆ.

ಎಲ್ಲವನ್ನೂ ಹೀಗೆ ಸಮರ್ಥಿಸಲಾರೆ. ಹೆಂಗಸರ ವಿಷಯದಲ್ಲಿ ಈತನ ಮಾತು ಹಲವೆಡೆ ಹೀನವಾಗಿದೆ. ಅದು ಕೇರಿಯ ಸತ್ಯವಲ್ಲ, ಕೇರಿಯ ಗಂಡಸರ ಸಲಿಗೆ. ತಾಯಂದಿರ ಅಳು ಕೇಳಿಸಿಕೊಂಡ ಕಿವಿಗೆ ಉಳಿದ ಹೆಂಗಸರ ದನಿ ಕೇಳಿಸದೆ ಹೋದದ್ದು ದೊಡ್ಡ ಕೊರತೆ. ಎಂಟನೆಯ ಹಾಡು ತನ್ನ ಬಡಾಯಿಯ ಭಾರಕ್ಕೇ ಸೊರಗಿದೆ.

ಬಿಡುಗಡೆಯ ಕಥೆ ಚಿಕ್ಕದು. ದಿನಾಂಕಕ್ಕೆ ಮುಂಚೆಯೇ ಕಳ್ಳಪ್ರತಿಗಳು ಬೀದಿಗೆ ಬಂದಿದ್ದವು. 'ದಿ ಸೋರ್ಸ್' ಪತ್ರಿಕೆ ತನ್ನ ಅತ್ಯುಚ್ಚ ಮನ್ನಣೆಯಾದ ಐದು ಮೈಕುಗಳನ್ನು ಕೊಟ್ಟಿತು. ಪೇಟೆಯಾದರೋ ನಿಧಾನವಾಗಿ ತಲೆದೂಗಿತು. ಅಮೆರಿಕದ ಪಟ್ಟಿಯಲ್ಲಿ 12ನೆಯ ಸ್ಥಾನದಿಂದ ಹೊರಟು, ಹತ್ತು ಲಕ್ಷದ ಮನ್ನಣೆ ತಲಪುವ ಹೊತ್ತಿಗೆ 2001 ಬಂದಿತ್ತು. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಇವನ ಹೆಸರಿನಲ್ಲಿ ಸಂಶೋಧನ ವೇತನ ಸ್ಥಾಪಿಸಿತು. 2021ರಲ್ಲಿ ಈ ಮುದ್ರಿಕೆ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ರಾಷ್ಟ್ರೀಯ ಧ್ವನಿ ಸಂಗ್ರಹಕ್ಕೆ ಆಯ್ಕೆಯಾಯಿತು.

ಹೊದಿಕೆಯ ಮೇಲೊಂದು ಚಿತ್ರವಿದೆ: ಏಳು ವರ್ಷದ ನಾಸ್‌ನ ಮುಖ, ಅದರೊಳಗೆ ಹಾಯ್ದು ಕಾಣುವ ಕೇರಿಯ ಕಟ್ಟಡಗಳು. 'ಒನ್ ಲವ್' ಕೇಳಿದ ಮೇಲೆ ಅದನ್ನು ಮತ್ತೊಮ್ಮೆ ನೋಡಿದೆ. ಬೆಂಚಿನ ಮೇಲಿನ ಆ ಹುಡುಗನಿಗೂ ಈ ಮುಖಕ್ಕೂ ಐದೇ ವರ್ಷದ ಅಂತರ. ಪದಗಳನ್ನು ಎದುರಿಗಿಟ್ಟುಕೊಂಡು ಆ ಏಳನೆಯ ಹಾಡನ್ನೊಂದು ಸಲ ಕೇಳಿರೆಂದಷ್ಟೇ ಓದುಗರಲ್ಲಿ ನನ್ನ ವಿಜ್ಞಾಪನೆ. ಆಮೇಲೆ ಕಿವಿ ಮುಚ್ಚಿಕೊಳ್ಳುವುದಾದರೆ ಮುಚ್ಚಿಕೊಳ್ಳಬಹುದು; ನನಗಂತೂ ಸಾಧ್ಯವಾಗಲಿಲ್ಲ.