ಆಟದ ಕೋಣೆಯೂ ಖುರ್ಷಿದಳ ಒಂಟಿತನವೂ

ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಗಲ್ಲಿಗಳಲ್ಲಿ ಸಂಜೆ ಓಡಾಡಿದವರಿಗೆ ಸ್ಟ್ರೈಕರ್ ಕಾಯಿಗೆ ಬಡಿಯುವ ಸದ್ದು ಹೊಸದಲ್ಲ. ಮುಂದೆ ಪಾನ್ ಡಬ್ಬಿಯೋ ಸೈಕಲ್ ರಿಪೇರಿ ಅಂಗಡಿಯೋ ಇರುತ್ತದೆ. ಹಿಂದಿನ ಕೋಣೆಯಲ್ಲಿ ಒಂದು ಕೇರಂ ಬೋರ್ಡು, ಅದರ ಮೇಲೆ ತೂಗುವ ಬಲ್ಬು, ಸುತ್ತ ನಾಲ್ವರು, ಅವರ ಬೆನ್ನ ಹಿಂದೆ ನಿಂತ ಏಳೆಂಟು ಮಂದಿ. ದೇವದುರ್ಗ, ಮಾನ್ವಿಗಳಲ್ಲೂ ಇಂಥ ಕೋಣೆಗಳಿಗೆ ಬರವಿಲ್ಲ. ಹಿರಿಯರ ಬಾಯಲ್ಲಿ ಇವುಗಳಿಗೆ ಒಳ್ಳೆಯ ಹೆಸರೂ ಇಲ್ಲ. 'ಕೇರಂ ಅಂಗಡಿ ಹಿಡಿದ' ಎಂದರೆ ಹುಡುಗ ಕೆಟ್ಟ ಎಂದೇ ಅರ್ಥ.

ಆದರೆ ಇಂದು ಜಗತ್ತಿನ ದೊಡ್ಡ ದೊಡ್ಡವರು ಮಾತಾಡುತ್ತಿರುವುದು ಸರಿಸುಮಾರು ಇಂಥ ಕೋಣೆಗಳ ಪರವಾಗಿ. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ 'ದಿ ಗ್ರೇಟ್ ಗುಡ್ ಪ್ಲೇಸ್' ಎಂಬ ಪುಸ್ತಕ ಬರೆದ. ಮನೆ ಮೊದಲನೆಯ ತಾಣ, ದುಡಿಮೆಯ ಜಾಗ ಎರಡನೆಯದು. ಇವೆರಡೂ ಅಲ್ಲದ ಮೂರನೆಯ ತಾಣವೊಂದು ಮನುಷ್ಯನಿಗೆ ಬೇಕು ಎಂಬುದು ಅವನ ವಾದ. ಅದು ಚಹಾದಂಗಡಿ ಇರಬಹುದು, ಕ್ಷೌರದಂಗಡಿ ಇರಬಹುದು. ಅಲ್ಲಿಗೆ ಹೋಗಲು ಆಮಂತ್ರಣ ಬೇಡ, ಅಂತಸ್ತು ಬೇಡ, ಹೆಚ್ಚು ಹಣವೂ ಬೇಡ. ಇಂಥ ತಾಣಗಳು ಅಳಿದರೆ ಊರು ಬಡವಾಗುತ್ತದೆ ಎಂದು ಅವನು ಎಚ್ಚರಿಸಿದ. 2023ರಲ್ಲಿ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, ಒಂಟಿತನವನ್ನು ಸಾಂಕ್ರಾಮಿಕವೆಂದೇ ಕರೆದು ಎಚ್ಚರಿಕೆಯ ವರದಿ ಹೊರಡಿಸಿದರು. 2025ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ, ಜಗತ್ತಿನ ಆರರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆ ಎಂದಿತು.

ಅದೇ ವರದಿಯ ಇನ್ನೊಂದು ಅಂಶವನ್ನು ನಾವು ಗಮನಿಸಬೇಕು. ಒಂಟಿತನ ಶ್ರೀಮಂತ ದೇಶಗಳ ಖಾಯಿಲೆ ಎಂಬುದು ನಮ್ಮ ನಂಬಿಕೆ. ಬಡ ದೇಶಗಳಲ್ಲಿ ಸುಮಾರು ಶೇ. 24ರಷ್ಟು ಮಂದಿ ಒಂಟಿತನ ಅನುಭವಿಸುತ್ತಿದ್ದರೆ ಶ್ರೀಮಂತ ದೇಶಗಳಲ್ಲಿ ಆ ಪ್ರಮಾಣ ಶೇ. 11 ಎಂದು ವರದಿ ಹೇಳುತ್ತದೆ. 'ನಮ್ಮಲ್ಲಿ ಕೂಡು ಕುಟುಂಬವಿದೆ, ಓಣಿಯಿದೆ, ನಮಗೆಲ್ಲಿಯ ಒಂಟಿತನ' ಎಂಬ ಸಮಾಧಾನ ಇನ್ನು ಸಾಕು. ದೇವದುರ್ಗದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ದುಡಿಯಲು ಹೋಗುವವರಿದ್ದಾರೆ. ಅಲ್ಲಿ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುವ ಹುಡುಗನಿಗೆ ಓಣಿ ಎಲ್ಲಿದೆ? ಊರಿನಲ್ಲೇ ಉಳಿದ ಮುದುಕನಿಗೆ ಮಾತಾಡಲು ಮಗ ಎಲ್ಲಿದ್ದಾನೆ?

ಕೇರಂ ಕೋಣೆ ಇಲ್ಲಿ ಮಾಡುವ ಕೆಲಸ ಸಣ್ಣದಲ್ಲ. ಒಂಟಿಯಾದವನಿಗೆ ಅತ್ಯಂತ ಕಷ್ಟದ ಕೆಲಸವೆಂದರೆ ಮಾತು ಶುರು ಮಾಡುವುದು. ಬೋರ್ಡಿನ ಮುಂದೆ ಆ ಕಷ್ಟವಿಲ್ಲ. ಒಂಬತ್ತು ಕರಿ, ಒಂಬತ್ತು ಬಿಳಿ, ಒಂದು ಕೆಂಪು ರಾಣಿ. ಮಾತಿಲ್ಲದೆಯೂ ಒಂದು ತಾಸು ಜೊತೆಗಿರಬಹುದು. ಎದುರು ಕೂತವನು ಜೋಡಿಯಾಗುತ್ತಾನೆ, ಅವನ ಹೆಸರು, ಜಾತಿ ಕೇಳಬೇಕಿಲ್ಲ. ರಾಣಿಗೆ ಕವರ್ ತೆಗೆದುಕೊಂಡವನು ಹಮಾಲಿಯ ಮಗನೋ ಅಕ್ಕಿ ಗಿರಣಿ ಮಾಲೀಕನ ಮಗನೋ ಬೋರ್ಡಿಗೆ ಗೊತ್ತಿರುವುದಿಲ್ಲ. ಮೂರು ದಿನ ಬಾರದಿದ್ದರೆ 'ಎಲ್ಲಿ ಹೋದ ಅವನು' ಎಂದು ಕೇಳುವ ಅಂಗಡಿಯಾತ ಒಬ್ಬನಿರುತ್ತಾನೆ. ಊರಿನ ಮೊಹಲ್ಲಾಗಳು ಧರ್ಮದ ಹೆಸರಲ್ಲಿ ದಿನೇ ದಿನೇ ಬೇರೆಯಾಗುತ್ತಿರುವಾಗ, ಎರಡು ಸಮುದಾಯದ ಹುಡುಗರು ಮೊಣಕೈ ತಾಗಿಸಿ ಕೂರುವ ಜಾಗಗಳು ಎಷ್ಟು ಉಳಿದಿವೆ, ಎಣಿಸಿ ನೋಡಿ.

ಇಷ್ಟು ಹೇಳಿ ಮುಗಿಸಿದರೆ ಅದು ಹೊಗಳಿಕೆಯಾಗುತ್ತದೆ, ವಿಮರ್ಶೆಯಾಗುವುದಿಲ್ಲ. ಆಟದ ಕೋಣೆಯ ಇನ್ನೊಂದು ಮುಖ ಕಾಣಲು ಪ್ರೇಮಚಂದರ ಹತ್ತಿರ ಹೋಗಬೇಕು. ಅವರ 'ಶತರಂಜ್ ಕೆ ಖಿಲಾಡಿ' ಕಥೆ ಬಂದದ್ದು 1924ರಲ್ಲಿ. ಸತ್ಯಜಿತ್ ರೇ ಅದನ್ನು 1977ರಲ್ಲಿ ಚಲನಚಿತ್ರ ಮಾಡಿದರು. 1856ರಲ್ಲಿ ಬ್ರಿಟಿಷರು ಅವಧ್ ರಾಜ್ಯವನ್ನು ನುಂಗುತ್ತಿರುವಾಗ ಲಖನೌದ ಇಬ್ಬರು ಜಹಗೀರುದಾರರು, ಮಿರ್ಜಾ ಮತ್ತು ಮೀರ್, ಚದುರಂಗದಲ್ಲಿ ಮುಳುಗಿದ್ದಾರೆ. ಇದು ದೂರದ ಲಖನೌದ ಕಥೆಯೆಂದು ರಾಯಚೂರಿನವರು ಕೈತೊಳೆದುಕೊಳ್ಳುವಂತಿಲ್ಲ. ಅದಕ್ಕೆ ಮೂರೇ ವರ್ಷ ಮೊದಲು, 1853ರಲ್ಲಿ, ಅದೇ ಡಾಲ್‌ಹೌಸಿಯ ಕಾಲದಲ್ಲಿ, ಸೇನೆಯ ಖರ್ಚಿನ ಸಾಲಕ್ಕಾಗಿ ಹೈದರಾಬಾದಿನ ನಿಜಾಮ ಬೇರಾರಿನ ಜೊತೆ ನಮ್ಮ ರಾಯಚೂರು ದೋಆಬನ್ನೂ ಕಂಪನಿಗೆ ಒಪ್ಪಿಸಬೇಕಾಯಿತು. ಅದು ಮರಳಿ ಬಂದದ್ದು 1860ರಲ್ಲಿ.

ಪ್ರೇಮಚಂದರ ಕಥೆಯ ಕೊನೆಯಲ್ಲಿ ಗೆಳೆಯರಿಬ್ಬರೂ ಆಟದ ಜಗಳಕ್ಕೆ ಕತ್ತಿ ಹಿರಿದು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ದೇಶಕ್ಕಾಗಿ ಹಿರಿಯದ ಕತ್ತಿ ಮರದ ರಾಜನಿಗಾಗಿ ಹಿರಿಯಿತು ಎಂಬ ವ್ಯಂಗ್ಯ ಅಲ್ಲಿದೆ. ರೇ ಈ ಅಂತ್ಯವನ್ನು ಬದಲಿಸಿದರು. ಚಿತ್ರದಲ್ಲಿ ಗುಂಡು ಹಾರುತ್ತದೆ, ಯಾರೂ ಸಾಯುವುದಿಲ್ಲ. ಕಂಪನಿಯ ಸೇನೆ ಹಾದುಹೋದ ಮೇಲೆ ಇಬ್ಬರೂ ಮತ್ತೆ ಕೂತು ಆಡುತ್ತಾರೆ, ಈ ಸಲ ಇಂಗ್ಲಿಷರ ನಿಯಮದಂತೆ. ಕೆಲವರು ಇದನ್ನು ರೇ ತೋರಿದ ಮೃದುತ್ವವೆಂದು ದೂರುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ರಾಜ್ಯ ಹೋಯಿತು, ಮನೆಯಲ್ಲಿ ಮರ್ಯಾದೆ ಹೋಯಿತು. ಆ ಇಬ್ಬರಿಗೆ ಉಳಿದದ್ದು ಎದುರು ಕೂರುವ ಒಬ್ಬ ಮನುಷ್ಯ ಮಾತ್ರ. ಆಟ ಹೊಣೆಗೇಡಿತನ ಎಂದು ಪ್ರೇಮಚಂದರು ಹೇಳಿದರೆ, ಆ ಹೊಣೆಗೇಡಿಗಳೂ ಒಂಟಿಗಳೇ ಎಂದು ರೇ ಸೇರಿಸಿದರು. ಎರಡೂ ನಿಜ.

ಆದರೆ ಈ ಚಿತ್ರದಲ್ಲಿ ಎಲ್ಲರಿಗಿಂತ ಒಂಟಿಯಾಗಿರುವವಳು ಮಿರ್ಜಾನ ಹೆಂಡತಿ ಖುರ್ಷಿದ್. ಶಬಾನಾ ಆಜ್ಮಿ ಆ ಪಾತ್ರ ಮಾಡಿದ್ದಾರೆ. ಗಂಡ ದಿನವಿಡೀ, ರಾತ್ರಿಯೂ ಆಟದಲ್ಲಿ. ಅವಳು ಒಳಮನೆಯಲ್ಲಿ ಕಾಯುತ್ತಾಳೆ, ತಲೆನೋವೆಂದು ಕರೆಸುತ್ತಾಳೆ, ಕೊನೆಗೆ ಕಾಯಿಗಳನ್ನೇ ಕದ್ದಿಡುತ್ತಾಳೆ. ಗೆಳೆಯರು ಅದಕ್ಕೂ ಜಗ್ಗದೆ ಅಡುಗೆಮನೆಯ ತರಕಾರಿ ಇಟ್ಟುಕೊಂಡು ಆಡುತ್ತಾರೆ. ನೋಡುವವರು ನಗುತ್ತಾರೆ. ಆದರೆ ಇಬ್ಬರು ಗಂಡಸರ ಸ್ನೇಹದ ಬೆಲೆಯನ್ನು ಒಳಮನೆಯ ಒಬ್ಬ ಹೆಂಗಸು ತೆತ್ತಳು ಎಂಬುದು ಆ ನಗೆಯ ಹಿಂದಿನ ಸತ್ಯ.

ಓಲ್ಡನ್‌ಬರ್ಗ್‌ನ ಪುಸ್ತಕದ ದುರ್ಬಲ ಜಾಗವೂ ಇದೇ. ಮೂರನೆಯ ತಾಣ ಎಲ್ಲರನ್ನೂ ಸಮಾನರನ್ನಾಗಿಸುತ್ತದೆ ಎನ್ನುವ ಅವನು, ಹಿಂದಿನಿಂದಲೂ ಅಂಥ ತಾಣಗಳು ಬಹುಪಾಲು ಗಂಡಸರದ್ದೇ ಆಗಿದ್ದವೆಂದು ಬಲ್ಲ. ಆದರೂ ಅದು ಅವನನ್ನು ಹೆಚ್ಚು ಕಾಡುವುದಿಲ್ಲ. ರಾಯಚೂರಿನ ಕೋಣೆಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಹಮಾಲಿಯ ಮಗನಿಗೆ ಜಾಗವಿದೆ, ಅವನ ಅಕ್ಕನಿಗಿಲ್ಲ. ಬೀಡಿ ಕಟ್ಟುತ್ತಲೋ ಹೊಲಿಗೆ ಯಂತ್ರ ತುಳಿಯುತ್ತಲೋ ಕೂತ ಅವಳಿಗೆ ಮೊದಲನೆಯ ತಾಣವೂ ಎರಡನೆಯ ತಾಣವೂ ಒಂದೇ ಕೋಣೆ. ಮೂರನೆಯದರ ಮಾತು ಎಲ್ಲಿ ಬಂತು? ಹಿಂದೆ ಚೌಕಾಬಾರ, ಅಳಗುಳಿ ಮನೆ ಇದ್ದವು. ಮಧ್ಯಾಹ್ನ ನೆರೆಯ ಹೆಂಗಸರು ಕಟ್ಟೆಯ ಮೇಲೆ ಸೇರುತ್ತಿದ್ದರು. ಕಟ್ಟೆ ಹೋಗಿ ಕಂಪೌಂಡ್ ಬಂತು, ಆಮೇಲೆ ಟಿ.ವಿ., ಆಮೇಲೆ ಮೊಬೈಲ್.

ಧರ್ಮದ ಕಡೆಯಿಂದ ಬರುವ ಆಕ್ಷೇಪವನ್ನೂ ನೇರವಾಗಿ ಎದುರಿಸೋಣ. ಪಣವಿಟ್ಟ ಆಟ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಪಣವಿಲ್ಲದ ಚದುರಂಗದ ಬಗ್ಗೆ ಫಿಕ್ಹ್ ಪಂಡಿತರಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಪ್ರಶ್ನೆ ಇರುವುದು ನಮ್ಮ ಕೋಣೆಗಳ ಒಂದು ವಾಡಿಕೆಯಲ್ಲಿ: 'ಸೋತವರು ಬೋರ್ಡಿನ ದುಡ್ಡು ಕೊಡಬೇಕು.' ಇಷ್ಟರಿಂದ ಶುರುವಾದದ್ದು ಕೆಲವೆಡೆ ದಿನಗೂಲಿಯನ್ನೇ ನುಂಗುವುದುಂಟು. ಅಂಥ ಕೋಣೆಯನ್ನು ಸಮರ್ಥಿಸುವುದು ಬೇಡ. ಆದರೆ ಕೋಣೆ ಮುಚ್ಚಿಸಿದರೆ ಪಣ ನಿಲ್ಲುತ್ತದೆಯೇ? ಅದು ಮೊಬೈಲಿಗೆ ಹೋಯಿತು. ಕುಟುಂಬಗಳು ಹಾಳಾದ ಮೇಲೆ, 2025ರ ಆಗಸ್ಟ್‌ನಲ್ಲಿ, ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ತರಬೇಕಾಯಿತು. ಕೇರಂ ಕೋಣೆಯಲ್ಲಿ ಸಾಲಕ್ಕೆ ಬಿದ್ದವನ ಮುಖ ನೋಡಿ 'ಸಾಕು, ಎದ್ದು ಮನೆಗೆ ಹೋಗು' ಎನ್ನುವವನೊಬ್ಬ ಇರುತ್ತಾನೆ. ಮೊಬೈಲಿನಲ್ಲಿ ಅವನಿಲ್ಲ.

ಹಾಗಾದರೆ ಏನು ಮಾಡಬೇಕು? ಚೆನ್ನೈನ ಆಟೊ ಚಾಲಕರೊಬ್ಬರ ಮಗಳು ಕಾಜಿಮಾ 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದಳು. ಪದಕಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು, ತಂದೆಯೊಬ್ಬ ಮಗಳನ್ನು ಬೋರ್ಡಿನ ಮುಂದೆ ಕೂರಿಸಿದ ಎಂಬುದು. ಎಲ್ಲ ಹುಡುಗಿಯರೂ ಚಿನ್ನ ತರಬೇಕಿಲ್ಲ, ವಾರಕ್ಕೆರಡು ಸಂಜೆ ಗೆಳತಿಯರೊಡನೆ ಕೂತು ನಕ್ಕರೆ ಸಾಕು. 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಮಕ್ಕಳಿಗೆ ಉಚಿತವಾಯಿತು. ಆ ಕಟ್ಟಡದಲ್ಲೇ ಒಂದು ಬೋರ್ಡು ಹಾಕಿ, ಹೆಣ್ಣುಮಕ್ಕಳಿಗೆಂದೇ ಒಂದು ಹೊತ್ತು ಮೀಸಲಿಡುವುದಕ್ಕೆ ದೊಡ್ಡ ಅನುದಾನ ಬೇಕೇ? ಮದುವೆ ಇಲ್ಲದ ದಿನಗಳಲ್ಲಿ ಖಾಲಿ ಬಿದ್ದಿರುವ ನಮ್ಮ ಶಾದಿಮಹಲ್‌ಗಳ ಬಾಗಿಲು ಯಾಕೆ ತೆರೆಯಬಾರದು?

ಕೇರಂ ಅಂಗಡಿಯ ಹುಡುಗರನ್ನು ಬೈಯುವ ಮೊದಲು ಅವರು ಅಲ್ಲಿಗೆ ಯಾಕೆ ಹೋಗುತ್ತಾರೆಂದು ಒಮ್ಮೆ ಕೇಳೋಣ. ಹಾಗೆಯೇ, ಆ ಹುಡುಗರೂ ರಾತ್ರಿ ಮನೆಗೆ ಹೋದಾಗ ಬಾಗಿಲು ತೆರೆಯುವ ತಾಯಿ, ಅಕ್ಕ, ಹೆಂಡತಿಯನ್ನು ಒಮ್ಮೆ ಕೇಳಲಿ: ಇವತ್ತು ನೀನು ಯಾರ ಜೊತೆ ಮಾತಾಡಿದೆ?